ಬಲಗಡೆಯ ಹೂ

ಅಥವಾ ಅದು ಎಂಟನೆಯ ಶನಿವಾರವಿರಬಹುದು. ಒಂಬತ್ತನೆಯದು ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಾನು ಹೊತ್ತ ಹರಕೆ ಒಂಬತ್ತು ವಾರದ್ದು. ನೆನಪು ತಾನಾಗಿಯೇ ಒಂದು ವಾರ ಸೇರಿಸಿಕೊಂಡಿದ್ದರೂ ಆಶ್ಚರ್ಯವಿಲ್ಲ. ಬಿಸಿಲಿಗೆ ಬರಿಗಾಲು ಸುಡುತ್ತಿದ್ದುದು ಮಾತ್ರ ನಿಜ.

ನನ್ನ ಕೆಲಸ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ. ತಯಾರಾದ ಬಿಡಿಭಾಗಗಳನ್ನು ಗೇಜ್ ಹಿಡಿದು ಅಳೆದು, ಪಾಸು, ರಿಜೆಕ್ಟು ಎಂದು ಬೇರೆ ಮಾಡುವುದು. ದೇವರನ್ನೂ ಹಾಗೇ ಒಮ್ಮೆ ನೋಡಿಬಿಡಬೇಕೆನಿಸಿತು. ಮನೆಯಲ್ಲಿ ದಿನಾ ದೀಪ ಹಚ್ಚುತ್ತಿದ್ದೆ. ಎದುರಿಗೆ ಯಾರಾದರೂ ಇದ್ದಾರೆಯೇ ಎಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಈ ಹರಕೆ. ಶನಿವಾರ ಶಿಫ್ಟ್ ಮುಗಿಸಿ ತುಮಕೂರಿನಿಂದ ಗುಬ್ಬಿಗೆ ಬಸ್ಸು. ಅಲ್ಲಿ ಫೋನ್ ಆಫ್ ಮಾಡಿ, ಚಪ್ಪಲಿ ಬ್ಯಾಗಿಗೆ ತುರುಕಿ, ಸಿ.ಎಸ್. ಪುರದ ರಸ್ತೆಯಲ್ಲಿ ಹೊಲಗಳ ನಡುವಿನ ಆಂಜನೇಯನ ಗುಡಿಗೆ ನಡಿಗೆ. ಕೊನೆಯ ವಾರ ಹೂ ಕೇಳುವುದು. ವಿಗ್ರಹಕ್ಕೆ ಅಂಟಿಸಿದ ಒದ್ದೆ ಹೂ ಬಲಗಡೆಯಿಂದ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಇಲ್ಲ. ನನ್ನ ಪ್ರಶ್ನೆ ಒಂದೇ: ನಾನು ಬರುತ್ತಿರುವುದು ನಿನಗೆ ಗೊತ್ತಾ?

ಆ ಕೊನೆಯ ಶನಿವಾರ, ಕುಣಿಗಲ್‌ನಲ್ಲಿ ಟೀಚರ್ ಆಗಿರುವ ಅಕ್ಕ ಜೊತೆಗೆ ಬಂದಳು. ದಾರಿಯಲ್ಲಿ ಎಲ್ಲ ಹೇಳಿದೆ.

"ಏನ್ಲಾ, ದೇವ್ರಿಗೂ ಗೇಜ್ ಹಾಕ್ತಿದೀಯಾ?"

"ಎಡಕ್ಕೆ ಬಿದ್ರೆ ಮುಗೀತು ಅಕ್ಕಾ. ಇನ್ಮೇಲೆ ದೀಪಾನೂ ಹಚ್ಚಲ್ಲ, ಕೈನೂ ಮುಗಿಯಲ್ಲ."

"ಥೂ, ಪೆದ್ದ! ಇಲ್ಲ ಅನ್ನಕ್ಕಾದ್ರೂ ಅವ್ನು ಅಲ್ಲಿರ್ಬೇಕಲ್ಲೋ!"

ರಸ್ತೆಯಲ್ಲೇ ನಿಂತು ನಕ್ಕೆವು. ಅಷ್ಟು ವಾರಗಳ ನನ್ನ ಪರೀಕ್ಷೆ ಅವಳ ಒಂದೇ ಮಾತಿಗೆ ಬಿದ್ದುಹೋಗಿತ್ತು. ಆದರೂ ಯಾಕೋ ಕಾಲಿಗೆ ಚುರುಕು ಬಂತು. ಉಳಿದ ದಾರಿಯನ್ನು ಹೆಚ್ಚುಕಡಿಮೆ ಓಡಿಯೇ ಮುಗಿಸಿದೆವು, ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು.

ಪೂಜಾರಿಯವರು ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ವಿಗ್ರಹದ ಮೈಗೆಲ್ಲ ಅಂಟಿಸಿ, "ಮನ್ಸಲ್ಲೇ ಕೇಳ್ಕೊಳ್ಳಿ, ಕೊಡ್ತಾನೆ" ಎಂದರು. ಕಣ್ಣು ಮುಚ್ಚಿದೆ. ಹಳೆಯ ಪ್ರಶ್ನೆ ಈಗ ನಾಲಿಗೆಗೇ ಬರುತ್ತಿಲ್ಲ, ಹೊಸದು ಹೊಳೆಯುತ್ತಿಲ್ಲ. ಅಷ್ಟರಲ್ಲಿ ಅಕ್ಕ ಕೂಗಿದಳು:

"ಬಿತ್ತು ಕಣೋ! ಬಲಕ್ಕೇ ಬಿತ್ತು!"

ಪೂಜಾರಿಯವರು ಗಂಟೆ ಬಾರಿಸಿದರು. ಮೈಯೆಲ್ಲ ಝುಮ್ಮೆಂದಿತು. ಕುಣಿಯಬೇಕೆನಿಸಿತು, ಕುಣಿದೆನೋ ಏನೋ.

"ಅಕ್ಕಾ, ನಾನಿನ್ನೂ ಕೇಳೇ ಇರ್ಲಿಲ್ಲ!"

ಪೂಜಾರಿಯವರು ಎತ್ತಿಕೊಟ್ಟ ಹೂವನ್ನು ಅವಳು ಆಗಲೇ ಕಣ್ಣಿಗೊತ್ತಿ ಮುಡಿದುಕೊಂಡಿದ್ದಳು.

"ನಾನು ಕೇಳ್ಕೊಂಡಿದ್ದೆ" ಎಂದಳು.

"ಏನಂತ?"

"ಅದ್ನೆಲ್ಲ ನಿಂಗ್ಯಾಕ್ ಹೇಳ್ಲಿ? ನಡಿ ನಡಿ, ಬಸ್ ಹೋಗ್ಬುಡ್ತದೆ."

ಹರಕೆ ಮುಗಿದರೂ ಶನಿವಾರದ ನಡಿಗೆ ನಿಂತಿಲ್ಲ. ಅಕ್ಕ ಏನು ಕೇಳಿಕೊಂಡಿದ್ದಳೆಂದು ಇಂದಿಗೂ ಬಾಯಿಬಿಟ್ಟಿಲ್ಲ. ಆ ಹೂ ಅವಳಿಗೆ ಬಂದ ಉತ್ತರವೋ, ನನಗೋ, ಒದ್ದೆ ಆರಿ ಸುಮ್ಮನೆ ಜಾರಿದ್ದೋ, ನನಗೆ ಗೊತ್ತಿಲ್ಲ.