ಎರಡು ಮೊಳ ಹೆಚ್ಚಿನ ವೈರು

ಸೊಸೆಗೆ ಕೋಪ ಬಂದರೆ ಮೊದಲು ಬರೆಯುವ ಅಕ್ಷರ ಚಿಕ್ಕದಾಗುತ್ತಿತ್ತು, ಆಮೇಲೆ ಧ್ವನಿ ದೊಡ್ಡದಾಗುತ್ತಿತ್ತು. ಏನೇ ಕೆಟ್ಟರೂ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎನ್ನುವುದು ಅವಳಿಗೆ ಶಾಲೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ದುಡಿದಾಗ ಬಂದ ಅಭ್ಯಾಸ. ಶಾಲೆ ಮುಚ್ಚಿದ ಮೇಲೆ ಮನೆಯಲ್ಲೇ ಕೆಲಸ ಹಿಡಿದಿದ್ದಳು. ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಪಾಠದ ವಿಡಿಯೋಗಳನ್ನು ಇಳಿಸಿಕೊಂಡು, ಮೇಷ್ಟರ ಮಾತನ್ನೆಲ್ಲ ಅಕ್ಷರಕ್ಕಿಳಿಸಿ ಕಳಿಸುವುದು. ಮೂರು ಸಲ ತಡವಾದರೆ ಆ ಕೆಲಸ ಬೇರೆಯವರ ಪಾಲು. ಎರಡು ಸಲ ಆಗಲೇ ತಡವಾಗಿತ್ತು.

ಇಂದಿನ ಪಾಠ ಸಂಜೆ ಐದಕ್ಕೆ ಹೋಗಬೇಕು. ಬೆಳಿಗ್ಗೆ ಎಂಟಕ್ಕೆ ಇಳಿಸಲು ಹಚ್ಚಿದ ವಿಡಿಯೋ ಹತ್ತು ಗಂಟೆಗೆ ನೂರರಲ್ಲಿ ಆರು ಪಾಲು ಇಳಿದಿತ್ತು.

ಇಂಟರ್ನೆಟ್ ಆಫೀಸಿನವನಿಗೆ ಏಳನೇ ಸಲ ಫೋನ್ ಮಾಡಿದಳು.

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ."

"ಮೂರು ವಾರದಿಂದ ಅದನ್ನೇ ಮಾಡ್ತಿದೀನಿ. ಇನ್ನೊಂದ್ಸಲ ಮಾಡಿದ್ರೆ ಸ್ವಿಚ್ಚೇ ಕೈಗೆ ಬರುತ್ತೆ."

"ಮನೇಲಿ ಫೋನುಗಳಲ್ಲಿ ನೆಟ್ ಸರಿಯಾಗಿ ಬರ್ತಿದ್ಯಲ್ಲ? ಹಾಗಾದ್ರೆ ನಿಮ್ಮ ಕಂಪ್ಯೂಟರೇ ಸರಿಯಿಲ್ಲ."

ಕೆಲಸಕ್ಕೆ ಹೊರಟಿದ್ದ ಗಂಡ ಬಾಗಿಲಲ್ಲಿ ನಿಂತು ಉರಿಯುವ ಬೆಂಕಿಗೆ ತುಪ್ಪ ಸುರಿದ. "ಹಳೇ ಡಬ್ಬ ಕಣೇ ಅದು. ಬಿಸಾಕು ಅಂದ್ರೆ ಕೇಳಲ್ಲ."

"ನೀವು ಮೊದ್ಲು ಹೊರಡಿ. ಮೂರು ವಾರದ ಹಿಂದೆ ಇದೇ ಡಬ್ಬ ಓಡ್ತಿತ್ತು."

ಹಾಗೆಂದ ಮೇಲೆ ತನ್ನ ಮಾತೇ ಅವಳನ್ನು ಯೋಚನೆಗೆ ಹಚ್ಚಿತು: ಮೂರು ವಾರದಲ್ಲಿ ಬದಲಾದದ್ದೇನು? ನೋಟ್‌ಬುಕ್ ತೆಗೆದಳು. ವೈರಸ್ ಹುಡುಕಿದ್ದು, ಬೇಡದ ಫೈಲು ಅಳಿಸಿದ್ದು, ಧೂಳು ಒರೆಸಿದ್ದು, ಎಲ್ಲವೂ ತಾರೀಖಿನ ಸಮೇತ ಇತ್ತು. ಪರೀಕ್ಷೆ ಮಾಡಿದ್ದೆಲ್ಲ ಕಂಪ್ಯೂಟರನ್ನೇ. ಅದನ್ನು ಕೂತ ಜಾಗದಿಂದ ಒಮ್ಮೆಯೂ ಕದಲಿಸಿರಲಿಲ್ಲ.

ಕಂಪ್ಯೂಟರನ್ನು ಎತ್ತಿ ಹಜಾರಕ್ಕೆ ತಂದು, ಅಲ್ಲಿದ್ದ ಇಂಟರ್ನೆಟ್ ರೂಟರಿಗೆ ಅದರ ಜೊತೆ ಬಂದಿದ್ದ ಗೇಣುದ್ದದ ವೈರಿನಿಂದ ಜೋಡಿಸಿದಳು. ಇಪ್ಪತ್ತೇ ನಿಮಿಷಕ್ಕೆ ಪಾಠ ಪೂರ್ತಿ ಇಳಿಯಿತು. ಅವಳಿಗೆ ಸಂತೋಷವಾಗಲಿಲ್ಲ, ಮೈಯೆಲ್ಲ ಉರಿಯಿತು. ಕೆಟ್ಟಿದ್ದು ಲೈನೂ ಅಲ್ಲ, ಡಬ್ಬವೂ ಅಲ್ಲ, ರೂಟರಿನಿಂದ ಅವಳ ಮೇಜಿನವರೆಗೆ ಎಳೆದಿದ್ದ ಉದ್ದ ವೈರು.

ಆ ವೈರನ್ನು ಕೈಯಲ್ಲಿ ಸವರುತ್ತ ಗೋಡೆಯ ಬುಡದುದ್ದಕ್ಕೂ ಹೋದಳು. ಹೊಲಿಗೆ ಯಂತ್ರದ ಹಿಂದೆ ಬೆರಳಿಗೆ ಒಂದು ಗಂಟು ತಗುಲಿತು. ಮೇಲೆ ನೀಲಿ ಬಟ್ಟೆಯ ಕವಚ, ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ. ಊರಲ್ಲಿ ಅಂಥ ಹೊಲಿಗೆ ಹಾಕುವ ಕೈ ಒಂದೇ ಇತ್ತು.

ಐವತ್ತು ವರ್ಷ ದರ್ಜಿಯಾಗಿದ್ದ ಮಾವ ಅಲ್ಲೇ ಕುರ್ಚಿಯಲ್ಲಿ ಕೂತು ದಾರ ಪೋಣಿಸುತ್ತಿದ್ದರು.

"ಮಾವ, ಇದು ನೀವು ಮಾಡಿದ್ದಾ?"

"ಹೂಂ. ಎರಡು ಮೊಳ ಜಾಸ್ತಿ ಇತ್ತು, ಜೋತಾಡ್ತಿತ್ತು. ಕತ್ತರಿಸಿ ಸೇರಿಸಿದೆ. ಬಣ್ಣಕ್ಕೆ ಬಣ್ಣ ನೋಡೇ ಸೇರಿಸಿದೀನಿ, ಎಂಟೆಳೇನೂ."

"ಮೂರು ವಾರ ನಾನು ಕೂಗಾಡಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ನೀನು ಆಫೀಸಿನವರಿಗೆ ಬೈತಿದ್ದೆ. ನಂಗಲ್ವಲ್ಲ ಅಂತ ಸುಮ್ನಿದ್ದೆ."

"ಕರೆಂಟು ವೈರಲ್ಲ ಮಾವ ಇದು. ಒಳಗೆ ಎರಡೆರಡು ಎಳೆ ಹೆಣೆದಿರ್ತಾರೆ, ಆ ಹೆಣಿಗೆ ಬಿಡಿಸಿ ಗಂಟು ಹಾಕಿದ್ರೆ ನೆಟ್ ತೆವಳುತ್ತೆ. ನನ್ನ ಕೆಲಸ ಹೋಗ್ತಿತ್ತು. ಕೇಳ್ಬೇಕು ಅನ್ನಿಸ್ಲಿಲ್ವಾ?"

ಮಾವ ಸೂಜಿ ಕೆಳಗಿಟ್ಟರು. "ಹೊಲಿಗೆ ಮಾತ್ರ ಗಟ್ಟಿ ಇದೆ," ಎಂದರು, ಮೆಲ್ಲಗೆ.

ಬಾಯಿ ತೆರೆದರೆ ಏನು ಬರುತ್ತದೋ ಎಂದು ಸೊಸೆ ಹಜಾರದಲ್ಲೇ ಕೂತು ಟೈಪ್ ಮಾಡತೊಡಗಿದಳು. ಮಧ್ಯಾಹ್ನ ಮಾವ ತಟ್ಟೆ ತಂದು ಪಕ್ಕದಲ್ಲಿಟ್ಟರು. ಅದನ್ನೂ ನೋಡದೆ ಒಂದೇ ಕೈಯಲ್ಲಿ ತಿಂದಳು. ಐದಕ್ಕೆ ಎಂಟು ನಿಮಿಷ ಇರುವಾಗ ಪಾಠ ಹೋಯಿತು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದಳು: 'ವೈರು ನೋಡದೇ ಇದ್ದದ್ದು ನನ್ನ ತಪ್ಪು. ಉಳಿದದ್ದು ಮಾವನದು.'

ಮರುದಿನ ಹೊಸ ವೈರು ಬಂತು. ಅದೂ ಎರಡು ಮೊಳ ಹೆಚ್ಚೇ ಇತ್ತು. ಅವಳು ಹೆಚ್ಚಿನದನ್ನು ಸುರುಳಿ ಸುತ್ತಿ ಎತ್ತರದ ಮೊಳೆಗೆ ನೇತುಹಾಕಿದಳು. ಮಾವ ಕತ್ತು ಎತ್ತಿ ಆ ಸುರುಳಿಯನ್ನೇ ನೋಡುತ್ತಿದ್ದರು.

ಅಂದಿನಿಂದ ಮನೆಯ ಕತ್ತರಿ ಸೊಸೆಯ ಮೇಜಿನ ಡ್ರಾಯರಿನಲ್ಲಿದೆ. ಮಾವ ಕೇಳಿದರೆ ಕೊಡುತ್ತಾಳೆ, ಯಾವ ಬಟ್ಟೆಗೆ ಎಂದು ವಿಚಾರಿಸಿಕೊಂಡು.