ಅಕ್ಕನ ಮಗಳನ್ನು ಮಾಡಿಕೊಂಡವನ ತರ್ಕ

ಮೂವತ್ತು ವರ್ಷ ಗದಗಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸಿದ ತಪ್ಪಿಗೆ ನನಗೊಂದು ರೋಗ ಅಂಟಿಕೊಂಡಿದೆ. ಯಾರು ಏನು ವಾದ ಮಾಡಿದರೂ ಅದರಲ್ಲಿ ಹುಳುಕು ಎಲ್ಲಿದೆ ಎಂದು ಕಿವಿ ತಾನಾಗಿಯೇ ಹುಡುಕುತ್ತದೆ. ಚಹಾದಂಗಡಿ, ಬಸ್ಸು, ಮದುವೆಯ ಪಂಕ್ತಿ, ಯಾವುದನ್ನೂ ಬಿಡುವುದಿಲ್ಲ. ಇದರಿಂದ ಯಾರಿಗೂ ಉಪಕಾರವಾಗಿಲ್ಲ. ನನಗಂತೂ ಸಾಕಾಗಿ ಹೋಗಿದೆ.

ಹೋದ ಬೇಸಿಗೆಯಲ್ಲಿ ಶಿರಹಟ್ಟಿಯಿಂದ ತಮ್ಮನ ಮಗಳು ಫೋನ್ ಮಾಡಿದಳು. ದಿನಾ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ಬಂದು ಡಿಗ್ರಿ ಮುಗಿಸಿದವಳು. ಬಿ.ಎಡ್. ಮಾಡಿ ಶಿಕ್ಷಕಿಯಾಗುವ ಆಸೆ. ಮನೆಯಲ್ಲಿ ಮಾತ್ರ ಅವಳನ್ನು ಮುಂಡರಗಿಯ ಸೋದರಮಾವನಿಗೆ, ಅಂದರೆ ಅವಳ ತಾಯಿಯ ತಮ್ಮನಿಗೆ, ಕೊಡುವುದೆಂದು ಮಾತಾಗಿತ್ತು.

‘ದೊಡ್ಡಪ್ಪಾ, ನಮ್ಮಪ್ಪ ನಿಮ್ಮ ಮಾತು ಕೇಳ್ತಾನ. ಒಮ್ಮೆ ಬಂದು ಹೇಳ್ರಿ. ನನಗ ಈಗ ಲಗ್ನ ಬ್ಯಾಡ,’ ಎಂದಳು. ಮರುದಿನವೇ ಹೆಂಡತಿಯನ್ನೂ ಕರೆದುಕೊಂಡು ಹೋದೆ.

ಹುಡುಗ ಒಳ್ಳೆಯವನೇ. ಬಟ್ಟೆ ಅಂಗಡಿ ಇದೆ, ಚಟಗಳಿಲ್ಲ. ಆದರೆ ನಮ್ಮ ಕಡೆ ಅಕ್ಕನ ಮಗಳ ಮೇಲೆ ಮಾವನಿಗೆ ಮೊದಲ ಹಕ್ಕು. ಹುಡುಗಿಯ ಮನಸ್ಸು ಕೇಳುವುದು ಆಮೇಲೆ, ನೆನಪಾದರೆ.

ನಾವು ಕೂರುವುದರೊಳಗೇ ತಮ್ಮ ಶುರು ಮಾಡಿದ. ‘ಅಜ್ಜನ ಕಾಲದಿಂದ ನಡ್ಕೊಂಡು ಬಂದೈತಿ, ತಪ್ಪೇನೈತಿ?’ ಹಳೆಯದಾದ ಮಾತ್ರಕ್ಕೆ ಸರಿಯಾಗುವುದಿಲ್ಲ ಎಂದೆ. ‘ಇವತ್ತ ಬಿ.ಎಡ್. ಅಂತಾಳ, ನಾಳೆ ನೌಕರಿ ಅಂತಾಳ, ನಾಡದ ಯಾವನ್ನರ ಕಟಗೊಂಡು ಓಡಿ ಹೋಗ್ತಾಳ.’ ಹೊಸ್ತಿಲು ದಾಟಿದವರೆಲ್ಲ ಓಡಿಯೇ ಹೋಗುತ್ತಾರೆಯೇ ಎಂದೆ. ಅವನ ಹೆಂಡತಿ ಅಡಿಗೆಮನೆಯಿಂದಲೇ ಕೂಗಿದಳು: ‘ಸೊರಟೂರಿನ ಒಬ್ಬಾಕಿ ಕಲತು ಏನ ಮಾಡಿದ್ಲು? ವರ್ಷದಾಗ ಗಂಡನ್ನ ಬಿಟ್ಟು ಬಂದ್ಲು!’ ಒಬ್ಬಳನ್ನು ನೋಡಿ ಎಲ್ಲರನ್ನೂ ಅಳೆಯಬಾರದು ಎಂದೆ. ‘ಹಂಗಾರ ನನ್ನ ತಮ್ಮನ್ನ ಮಾಡ್ಕೊಳ್ಲಿ, ಇಲ್ಲಾ ನನ್ನ ತವರಮನಿ ಬಾಗಲಾ ಮುಚ್ಚಿಬಿಡ್ರಿ!’ ನಡುವೆ ಇನ್ನೊಂದು ದಾರಿಯೇ ಇಲ್ಲವೇ ಎಂದೆ. ಒಂದನ್ನೂ ಬಿಡದೆ ಉತ್ತರ ಕೊಟ್ಟೆ, ಒಬ್ಬರೂ ಒಪ್ಪಲಿಲ್ಲ. ತರಗತಿಯಲ್ಲೂ ಹೀಗೇ ಆಗುತ್ತಿತ್ತು. ಅಲ್ಲಿ ಗಂಟೆಯಾದರೂ ಹೊಡೆಯುತ್ತಿತ್ತು.

ಕಡೆಗೆ ತಮ್ಮ ಕೇಳಿಯೇ ಬಿಟ್ಟ: ‘ಅಣ್ಣಾ, ಇಷ್ಟೆಲ್ಲಾ ಹೇಳ್ತೀಯಲ್ಲ, ನೀ ಯಾರನ್ನ ಮಾಡ್ಕೊಂಡೀ?’

ನಾನು ಮಾಡಿಕೊಂಡದ್ದು ನಮ್ಮ ಅಕ್ಕನ ಮಗಳನ್ನೇ. ಪಕ್ಕದಲ್ಲೇ ಕೂತಿದ್ದಳು.

ಇದೂ ಕುಂಟು ವಾದವೇ. ಹೇಳುವವನು ತಾನೇ ತಪ್ಪು ಮಾಡಿದ್ದಾನೆಂದ ಮಾತ್ರಕ್ಕೆ ಅವನು ಹೇಳಿದ್ದು ಸುಳ್ಳಾಗುವುದಿಲ್ಲ. ಇದನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ಕಲಿಸಿದವನು ನಾನು. ಬಾಯಿ ತೆರೆದೆ. ಆದರೆ ಅದನ್ನು ಹೇಳಬೇಕಾದರೆ, ನಾನು ಮಾಡಿದ್ದು ತಪ್ಪು ಎಂದು ಹೆಂಡತಿಯ ಎದುರಿಗೇ ಒಪ್ಪಿಕೊಳ್ಳಬೇಕಿತ್ತು. ನಾಚಿಕೆಯಾಯಿತು. ಸುಮ್ಮನಾದೆ. ಬಾಗಿಲ ಬಳಿ ನಿಂತಿದ್ದ ಹುಡುಗಿ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಆಗ ನನ್ನ ಹೆಂಡತಿ ಮಾತಾಡಿದಳು. ನನ್ನ ತಮ್ಮ ಅವಳಿಗೂ ಸೋದರಮಾವನೇ. ‘ಮಾವಾ, ನಾ ಪಿಯುಸಿ ಪಾಸಾದ ವರ್ಷನ ನನ್ನ ಲಗ್ನ ಮಾಡಿದ್ರಿ. ನನ್ನ ಮನಸಿನ್ಯಾಗ ಏನೈತಿ ಅಂತ ನಮ್ಮವ್ವ ಕೇಳಲಿಲ್ಲ, ನೀವು ಕೇಳಲಿಲ್ಲ, ಇವರೂ ಕೇಳಲಿಲ್ಲ. ಇಕೀನ್ನಾದ್ರೂ ಕೇಳ್ರಿ.’ ಅಷ್ಟು ಹೇಳಿ ಸೆರಗು ಸರಿ ಮಾಡಿಕೊಂಡಳು. ದನಿ ಏರಿಸಲೇ ಇಲ್ಲ.

ತಮ್ಮ ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಮಗಳ ಕಡೆ ತಿರುಗಿದ. ‘ಆತು, ಬಿ.ಎಡ್. ಮುಗಿಸ್ಲಿ. ಆಮ್ಯಾಲ ಆಕೀನ್ನ ಕೇಳೇ ಮುಂದಿನ ಮಾತು,’ ಎಂದ. ಹುಡುಗಿ ಓಡಿ ಬಂದು ದೊಡ್ಡವ್ವನ ಕೈ ಹಿಡಿದುಕೊಂಡಳು. ನನ್ನ ಕಡೆ ನೋಡಲಿಲ್ಲ. ನೋಡಬೇಕಾದ ಕಾರಣವೂ ಇರಲಿಲ್ಲ.

ಗದಗಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಹೆಂಡತಿಗೆ ಬಿಟ್ಟುಕೊಟ್ಟೆ. ಮುಳಗುಂದ ದಾಟಿದ ಮೇಲೆ ಕೇಳಿದೆ: ‘ಆವಾಗ ನಿನಗ ಮುಂದ ಏನ ಕಲೀಬೇಕಂತ ಇತ್ತು?’

ಅವಳು ಕಿಟಕಿಯ ಗಾಜು ಸರಿಸಿ ಹೊರಗೆ ನೋಡಿದಳು.

‘ಮರತ ಹೋಗೇತ್ರಿ,’ ಎಂದಳು.