ತಾಮ್ರದ ತಗಡಿಗೆ ಹಚ್ಚಿದ ಕಲಾಯಿ

ಮೊನ್ನೆ ಮೊಮ್ಮಗಳು ಸಮೀನಾ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ತಂತಿಗೆ ಬೆಸುಗೆ ಹಾಕುತ್ತಿದ್ದಳು. ಕಾದ ಸಳಿಯನ್ನು ನವಸಾಗರದ ತುಂಡಿಗೆ ತಿಕ್ಕಿದಾಗ ಬಿಳಿ ಹೊಗೆ ಎದ್ದು ನನ್ನ ಗಂಟಲಿಗೆ ಹತ್ತಿತು. ಕೆಮ್ಮುತ್ತಲೇ ನಗು ಬಂತು. ಕಲಾಯಿಗೂ ಅದೇ ನವಸಾಗರ; ಬಾಗೇವಾಡಿಯ ನಮ್ಮ ಹಳೆಯ ಮನೆ ಆ ಹೊಗೆಯೊಳಗೇ ಇತ್ತು. ಅಂಗಳದಲ್ಲಿ ನೆಲ ತೋಡಿ ಮಾಡಿದ ಒಲೆ, ಚರ್ಮದ ತಿದಿ, ತವರದ ಕಲಾಯಿ ಕಂಡು ಬೆಳ್ಳಗಾದ ಹಂಡೆಗಳು, ನಡುವೆ ಕಲಾಯಿಗಾರನಾದ ನನ್ನ ತಂದೆ, ಅಬ್ಬಾ. ಹಂಡೆ ತೊಳೆಯಲು ಅದರೊಳಗೆ ಉಸುಕು ಹಾಕಿ, ಬರಿಗಾಲಲ್ಲಿ ನಿಂತು, ಸೊಂಟ ಆ ಕಡೆ ಈ ಕಡೆ ತಿರುವುತ್ತಿದ್ದ. ಬೀಳದಂತೆ ಅವನ ಎರಡೂ ಕೈ ಹಿಡಿಯುವುದು ನನ್ನ ಕೆಲಸ.

ನಾನಾಗ ನಾಲ್ಕನೆಯ ಇಯತ್ತೆ. ನನ್ನ ಓದು ಅಲ್ಲಿಗೇ ಮುಗಿಯಿತು. ಶಾಲೆಯಲ್ಲಿ ಪ್ರದರ್ಶನವೆಂದು ವಿಜ್ಞಾನದ ಮಾಸ್ತರರು ನೀರಿನ ಕೊಡ, ಲೋಟಗಳನ್ನು ಗಂಟು ಕಟ್ಟಿ, ಹೊಳೆಯುವಂತೆ ಮಾಡಿಕೊಡಲು ಹೇಳಿ ಕಳಿಸಿದ್ದರು. ಗಂಟಿನಲ್ಲಿ ಅಂಗೈಯಗಲದ ತಾಮ್ರದ ತಗಡೊಂದಿತ್ತು. ಬರಿಯ ತಾಮ್ರದಲ್ಲಿಟ್ಟ ಮೊಸರು ಕಿಲುಬುವುದನ್ನು ಕಂಡ ಅಬ್ಬಾನ ಕೈ ಸುಮ್ಮನಿರಲಿಲ್ಲ. "ಮಗಳ ಸಾಲಿ ಕೆಲಸ" ಎಂದು ಅದಕ್ಕೂ ಎರಡೂ ಮಗ್ಗುಲು ಕಲಾಯಿ ಹಚ್ಚಿದ.

ಪ್ರದರ್ಶನದ ದಿನ ಅವನನ್ನು ಎಳೆದುಕೊಂಡೇ ಹೋದೆ. ಎಲ್ಲವನ್ನೂ ಮುಟ್ಟಿ ನೋಡಬಹುದಿತ್ತು. ಅಬ್ಬಾ ಬುತ್ತಿಯಂತೆ ಕಿಸೆಯಲ್ಲಿ ತವರದ ಚೂರು ತಂದಿದ್ದ. ಅದನ್ನು ಅಯಸ್ಕಾಂತಕ್ಕೆ ಹಿಡಿದ. ಅಂಟಲಿಲ್ಲ. "ನಮ್ಮ ತವರ ಯಾರ ಮಾತೂ ಕೇಳಂಗಿಲ್ಲ, ನೋಡು" ಎಂದ. ಬಿಸಿಲಿಗೆ ಭೂತಕನ್ನಡಿ ಹಿಡಿದು ಬೀಡಿ ಹೊತ್ತಿಸಿ, "ಕಡ್ಡಿಪೆಟ್ಟಿಗಿ ಮಾರಾವ್ರು ಇನ್ನ ಏನ್ ತಿನಬೇಕವ್ವಾ?" ಎಂದು ನಕ್ಕ. ಇಡೀ ಬಾಲ್ಯದಲ್ಲಿ ಅವನು ಅಷ್ಟು ಹುಡುಗನಂತೆ ಕಂಡದ್ದು ಅದೊಂದೇ ದಿನ.

ಕೊನೆಗೆ ಗಂಟೆಯ ಮೇಜು. ಗಾಜಿನ ಪಾತ್ರೆಯ ಆಮ್ಲದ ನೀರಿನಲ್ಲಿ ಒಂದು ಸತುವಿನ ತಗಡು, ಒಂದು ತಾಮ್ರದ್ದು. ತಂತಿಗಳ ತುದಿಗೆ ಕರೆಂಟಿನ ಗಂಟೆ. ನಾನು ಗುಂಡಿ ಒತ್ತಿದೆ. ಸದ್ದೇ ಇಲ್ಲ. ಮಾಸ್ತರರು ತಾಮ್ರದ ತಗಡು ಎತ್ತಿದರು. ಬೆಳ್ಳಗೆ ಹೊಳೆಯುತ್ತಿತ್ತು.

"ಇದಕ್ಕೂ ಕಲಾಯಿ ಹಚ್ಯಾನಲ್ಲೋ, ಶಾಣ್ಯಾ ಸಾಬ."

ಎಲ್ಲರೂ ನಕ್ಕರು. ಅಬ್ಬಾನೂ ನಕ್ಕ. ಅವನೇಕೆ ನಗಬೇಕಿತ್ತು? ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವನು ತಗಡನ್ನು ಬಾವಿಕಟ್ಟೆಯ ಬಳಿ ಒಯ್ದು, ಉಸುಕು ಚೆಲ್ಲಿ, ಹಿಮ್ಮಡಿಯೂರಿ ತಿರುಗತೊಡಗಿದ. ನಾನು ಕೈ ಹಿಡಿದೆ. ಮಂದಿ ಕುಣಿತ ನೋಡಿದಂತೆ ನೋಡಿದರು. ಬೆವರಿಳಿದ ಮೇಲೆ ಕೆಂಪು ತಾಮ್ರ ಕಂಡಿತು. ತಗಡು ಮತ್ತೆ ನೀರಿಗಿಳಿಯಿತು. ಒತ್ತಿದೆ. ಗಂಟೆ ನನ್ನ ಬೆರಳಿನೊಳಗೇ ಬಾರಿಸಿದಂತಾಯಿತು. ಅಬ್ಬಾ ಗಂಟೆಗೆ ಕಿವಿಯಿಟ್ಟು ಕೇಳಿದ. ಆಮೇಲೆ ಕೇಳಿದ: "ಮಾಸ್ತರ್ರ, ಬರೇ ತಾಮ್ರ ನಮಗ ವಿಷರಿ. ಇದಕ್ಕ್ಯಾಕ ಅದೇ ಬೇಕು?"

"ಕಲಾಯಿ ಮಾಡಾಂವಗ ಅದ್ಯಾಕ? ನಡಿ, ಹಿಂದ ಮಂದಿ ನಿಂತಾರ."

ಇಡೀ ಪ್ರದರ್ಶನದಲ್ಲಿ ಅಂಥ ಪ್ರಶ್ನೆ ಇನ್ನೊಬ್ಬರು ಕೇಳಲಿಲ್ಲ. ಮಾಸ್ತರರು ಗೊತ್ತಿಲ್ಲವೆಂದಿದ್ದರೂ ಅಬ್ಬಾ ಸಲಾಂ ಮಾಡಿ ಬರುತ್ತಿದ್ದ. ಆಮೇಲೆ ವರ್ಷಗಟ್ಟಲೆ ತಿದಿಯೊತ್ತುತ್ತ ನನ್ನನ್ನೇ ಕೇಳುತ್ತಿದ್ದ: "ನೀನರ ಹೇಳವ್ವಾ, ಸಾಲಿ ಕಲ್ತಾಕಿ." ಸ್ಟೀಲು ಬಂತು, ಒಲೆಯ ಗುಂಡಿ ಮುಚ್ಚಿತು, ಕೇಳುತ್ತಲೇ ಅವನೂ ಹೋದ.

ಮೊನ್ನೆ ಅದೇ ಪ್ರಶ್ನೆಯನ್ನು ಸಮೀನಾಗೆ ಕೇಳಿದೆ. ಉತ್ತರ ಕೊಡಲು ಅವಳಿಗೆ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. "ಸತು, ತವರ ಸನೇದ ಬಳಗ ಇದ್ದಂಗ, ನಾನಿ. ತಾಮ್ರ ದೂರಿಂದು. ಎರಡರ ನಡುವ ಎಷ್ಟು ದೂರ ಇರತೈತೋ ಕರೆಂಟಿಗೆ ಅಷ್ಟು ಜೋರು." ಇಷ್ಟೇ. ಇಷ್ಟನ್ನು ಅಬ್ಬಾನಿಗೆ ಕೊಡಲಾಗಲಿಲ್ಲವೇ ಮಾಸ್ತರರಿಗೆ? ಅವಳ ತಲೆಗೆ ಮುತ್ತಿಟ್ಟೆ. ಆ ಮಾಸ್ತರನನ್ನು ಬಾಯಿಗೆ ಬಂದಂತೆ ಬೈದೆ. ಹುಡುಗಿ ಕಣ್ಣು ಬಿಟ್ಟಳು.

"ಇನ್ನೊಮ್ಮೆ ಹೇಳು, ಸಾವಕಾಶ" ಎಂದೆ. ಅವಳು ಹೇಳತೊಡಗಿದಾಗ ಅವಳ ಎರಡೂ ಕೈ ಹಿಡಿದುಕೊಂಡೆ, ಬೀಳದಂತೆ. ನನ್ನೊಳಗೆ ಉಸುಕಿನ ಮೇಲೆ ಅಬ್ಬಾನ ಹಿಮ್ಮಡಿ ತಿರುಗುವ ಸದ್ದು ಒಂದು ಗಳಿಗೆ ನಿಂತು ಅವಳ ಮಾತು ಕೇಳಿಸಿಕೊಂಡಿತು.